ಪೆಟ್ಟಿಗೆಯ ಪಕ್ಕದಲ್ಲಿ ಕೂತವನು

ಚಿ. ಸೌ. ಸುಧಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀವು ಆರು ವರ್ಷದ ಹುಡುಗನನ್ನು ದತ್ತು ತೆಗೆದುಕೊಳ್ಳುತ್ತಿರುವ ಸುದ್ದಿ ನಿಮ್ಮಮ್ಮ ಹೇಳಿದಳು. ತುಂಬಾ ಸಂತೋಷವಾಯಿತು. ಅವನು ಯಾರ ಜೊತೆಯೂ ಮಾತಾಡುವುದಿಲ್ಲ, ಯಾವಾಗ ನೋಡಿದರೂ ಮೇಜಿನ ಕೆಳಗೇ ಇರುತ್ತಾನೆ ಅಂತ ನೀನು ಹೆದರಿದ್ದೀಯಂತೆ. ಅದಕ್ಕೇ ಈ ಪತ್ರ.

'ಮಾರ್ಷಿಯನ್ ಚೈಲ್ಡ್' ಅಂತ 2007ರ ಒಂದು ಅಮೆರಿಕನ್ ಸಿನಿಮಾ ಇದೆ. ಇಬ್ಬರೂ ಕೂತು ನೋಡಿ. ಹೆಂಡತಿಯನ್ನು ಕಳೆದುಕೊಂಡ ಬರಹಗಾರನೊಬ್ಬ ಡೆನಿಸ್ ಅನ್ನೋ ಹುಡುಗನನ್ನು ಮನೆಗೆ ಕರೆತರುತ್ತಾನೆ. ಬರಹಗಾರನ ಪಾತ್ರ ಜಾನ್ ಕ್ಯೂಸಾಕ್‌ದು. ಹುಡುಗ ತಾನು ಮಂಗಳ ಗ್ರಹದಿಂದ ಬಂದವನು ಅಂತ ನಂಬಿದ್ದಾನೆ. ಬಿಸಿಲಿಗೆ ಹೆದರಿ ದೊಡ್ಡ ರಟ್ಟಿನ ಪೆಟ್ಟಿಗೆಯೊಳಗೆ ಕೂರುತ್ತಾನೆ. ಮೇಲಕ್ಕೆ ತೇಲಿ ಹೋಗಿಬಿಟ್ಟರೆ ಅಂತ ಸೊಂಟಕ್ಕೆ ಬ್ಯಾಟರಿ ಸೆಲ್‌ಗಳ ಬೆಲ್ಟ್ ಬೇರೆ.

ಆ ಬರಹಗಾರ ಪೆಟ್ಟಿಗೆ ಎತ್ತಿ ಬಿಸಾಕುವುದಿಲ್ಲ. ಹೊರಗೆ ಬಾ ಪುಟ್ಟಾ ಅಂತ ಗೋಗರೆಯುವುದೂ ಇಲ್ಲ. ಸನ್‌ಸ್ಕ್ರೀನ್ ಕೊಡುತ್ತಾನೆ, ಕಪ್ಪು ಕನ್ನಡಕ ಕೊಡುತ್ತಾನೆ. ಬಿಸಿಲಿನ ಭಯಕ್ಕೆ ಬಿಸಿಲಿನ ಮದ್ದು, ಅಷ್ಟೇ. ಮಂಗಳದಲ್ಲಿ ಜನರೇ ಇಲ್ಲ ಕಣೋ ಅಂತ ವಾದ ಗೆಲ್ಲುವುದು ಸುಲಭ. ಗೆದ್ದು ಏನು ಮಾಡುವುದು? ಹೆತ್ತವರು ಬಿಟ್ಟು ಹೋದರು ಅನ್ನುವುದಕ್ಕಿಂತ ನಾನು ಬೇರೆ ಗ್ರಹದವನು ಅನ್ನುವುದೇ ಆ ಮಗುವಿಗೆ ತಡೆದುಕೊಳ್ಳಬಹುದಾದ ಮಾತು.

ನಿನ್ನ ಹುಡುಗನಿಗೆ ಮೇಜೂ ಹಾಗೇ ಇರಬಹುದು. ನೀನೂ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತುಕೋ. ಸುಮ್ನೆ ಏನಾದರೂ ಚಿತ್ರ ಬರಿ. ಅವನನ್ನೇ ದಿಟ್ಟಿಸಬೇಡ. ಒಂದು ಪೆನ್ಸಿಲ್ ಅವನ ಕೈಗೆ ಸಿಗುವ ಹಾಗೆ ಬಿದ್ದಿರಲಿ.

ಇನ್ನೊಂದು ದೃಶ್ಯ ನನಗೆ ತುಂಬಾ ಹಿಡಿಸಿತು. ಹುಡುಗನ ಕೈಯಿಂದ ಏನೋ ಒಡೆದುಹೋಗುತ್ತದೆ. ಅವನು ನಡುಗಿಬಿಡುತ್ತಾನೆ. ಆಗ ಆ ಬರಹಗಾರನೂ ತಟ್ಟೆ ತೆಗೆದು ಒಡೆಯುತ್ತಾನೆ! ಇಬ್ಬರೂ ಸೇರಿ ಕೆಚಪ್ ಎರಚಾಡುತ್ತಾರೆ. (ನೀನು ತಟ್ಟೆ ಒಡೆಯಬೇಕು ಅಂತಲ್ಲ, ಆಮೇಲೆ ಗುಡಿಸೋರು ಯಾರು?) ಸಾಮಾನಿಗಿಂತ ನೀನೇ ಮುಖ್ಯ ಅಂತ ಬಾಯಲ್ಲಿ ಹೇಳಿದರೆ ಅಂಥ ಮಕ್ಕಳು ಬೇಗ ನಂಬುವುದಿಲ್ಲ. ಹಠ ಮಾಡಿ, ವಸ್ತು ಬಚ್ಚಿಟ್ಟು ನಿಮ್ಮನ್ನು ಪರೀಕ್ಷೆ ಮಾಡಬಹುದು. ಬೈಯಬೇಕಾದಾಗ ಬೈಯಿ. ಹೀಗೆ ಮಾಡಿದರೆ ವಾಪಸ್ ಬಿಟ್ಟು ಬರ್ತೀನಿ ಅನ್ನೋ ಮಾತು ಮಾತ್ರ ತಮಾಷೆಗೂ ಬರಬಾರದು. ಅಳಿಯಂದಿರಿಗೂ ಹೇಳು, ಅವರಿಗೆ ತಮಾಷೆ ಜಾಸ್ತಿ.

ಕೊನೆಯಲ್ಲಿ ಹುಡುಗ ಎತ್ತರಕ್ಕೆ ಹತ್ತಿ ನಿಲ್ಲುವ ಗಡಿಬಿಡಿ ನನಗೆ ಅಷ್ಟು ರುಚಿಸಲಿಲ್ಲ. ಸಿನಿಮಾದವರು ಎರಡು ಗಂಟೆಯೊಳಗೆ ಮುಗಿಸಬೇಕಲ್ವಾ. ನಿನ್ನ ಹುಡುಗ ಒಂದು ದಿನ ಮಡಿಲಿಗೆ ಬಂದು, ಮರುದಿನ ಮತ್ತೆ ಮೇಜಿನ ಕೆಳಗೆ ಸೇರಬಹುದು. ಎಲ್ಲಾ ಹಾಳಾಯಿತು ಅಂತ ಅಳುತ್ತಾ ಕೂರಬೇಡ. ಹಾಗಂತ ಪ್ರೀತಿಯೊಂದರಿಂದಲೇ ಸರಿಹೋಗುತ್ತದೆ ಅಂತಲೂ ಸುಮ್ಮನಿರಬೇಡ. ಮಾತಿನ ವಿಷಯ ಮಕ್ಕಳ ಡಾಕ್ಟರ ಹತ್ತಿರ ಮೊದಲೇ ಕೇಳಿಬಿಡು.

ಅವನು ಬಂದ ವಾರವೇ ನಾವೆಲ್ಲ ದಂಡು ಕಟ್ಟಿಕೊಂಡು ನೋಡಲು ಬರುವುದು ಬೇಡ. ಹೇಳಲು ನಿನಗೆ ಸಂಕೋಚ, ನಾನೇ ಎಲ್ಲರಿಗೂ ಹೇಳುತ್ತೇನೆ. ನಿಮ್ಮಮ್ಮನಿಗೂ. ನೀನು ಯಾವಾಗ ಕರೆಯುತ್ತೀಯೋ ಆಗ ಬರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ