ಕಾಲು ಕತ್ತರಿಸಿಕೊಂಡ ಹನ್ನೆರಡು ಸ್ಟೂಲುಗಳು

ಶಿರಸಿಯ ನಮ್ಮ ಕಾಫಿ ಅಂಗಡಿಗೆ ಮೊನ್ನೆ ಮೂರು ವರ್ಷ ತುಂಬಿತು. ಬ್ಯಾಂಕ್ ಸಾಲದ ಕೊನೆಯ ಕಂತೂ ಅದೇ ವಾರ ತೀರಿತು. ಸಿಹಿ ಹಂಚಿ ಸುಮ್ಮನಿರಬಹುದಿತ್ತು. ಆದರೆ ಎದುರು ನಿಂತು ಹೇಳಲು ಸಂಕೋಚವಾಗಿ ಒಳಗೇ ಉಳಿದ ಮಾತುಗಳಿವೆ. ಕೆಲವರೊಡನೆ ಆಗ ಜಗಳವನ್ನೇ ಆಡಿದ್ದೆ. ಆದ್ದರಿಂದ ಬರೆದು ಹೇಳುತ್ತಿದ್ದೇನೆ.

ಬೆಂಗಳೂರಿನಲ್ಲಿ ಒಂಬತ್ತು ವರ್ಷ ಬೇರೆಯವರ ಅಂಗಡಿಗಳಿಗೆ ಒಳಾಂಗಣ ವಿನ್ಯಾಸ ಮಾಡಿ ಊರಿಗೆ ಮರಳಿದವಳು ನಾನು. ಬರುವಾಗಲೇ ನಕ್ಷೆ ಸಿದ್ಧವಾಗಿತ್ತು. ಮಾರಿಗುಡಿಗೆ ನಡೆದು ಹೋಗುವಷ್ಟು ದೂರದಲ್ಲಿ ಹಳೆಯ ಹೆಂಚಿನ ಮನೆ ಸಿಕ್ಕಿತು. ಚಿರೇಕಲ್ಲಿನ ಗೋಡೆ, ಮುಂದೆ ಉದ್ದನೆಯ ಜಗುಲಿ. ಜಗುಲಿಗೆ ಪೂರ್ತಿ ಗಾಜು, ಒಳಗೆ ಅಚ್ಚ ಬಿಳಿ ಗೋಡೆ, 75 ಸೆಂಟಿಮೀಟರ್ ಎತ್ತರದ ಸ್ಟೂಲುಗಳು ಎಂದು ಗೀಚಿಕೊಂಡಿದ್ದೆ. ಮನೆಯ ಒಡತಿ ಅಡಿಕೆ ತೋಟದವರು. ಊರಿನವರಂತೆ ನಾನೂ ಅವರನ್ನು ಆಯಿ ಎಂದೇ ಕರೆಯುತ್ತೇನೆ. ನಕ್ಷೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಕೂಸೇ, ಜಗುಲಿಗೆ ಗಾಜು ಹಾಕುವುದಾದರೆ ಬೇರೆ ಮನೆ ನೋಡಿಕೋ. ಮಳೆ ಬಂದರೆ ಶಾಲೆಯ ಮಕ್ಕಳು ಎಲ್ಲಿ ನಿಲ್ಲಬೇಕು?" ಎಂದರು. ನಾನು ಎರಡು ವಾರ ಮುನಿಸಿಕೊಂಡಿದ್ದೆ. ಅವರು ಜಗ್ಗಲಿಲ್ಲ. ಈಗ ಅಂಗಡಿಯೆಂದರೆ ಆ ಜಗುಲಿಯೇ. ಒಳಗಿನ ಮೇಜುಗಳು ಖಾಲಿಯಿದ್ದರೂ ಜನ ಹೊರಗೆ ಒತ್ತಿಕೊಂಡು ಕೂರುತ್ತಾರೆ. ಆಯಿ, ನೀವು ಹಟ ಹಿಡಿದದ್ದಕ್ಕೆ ಮೊದಲ ನಮಸ್ಕಾರ.

ಎರಡನೆಯದು ನಿವೃತ್ತ ಮಾಸ್ತರರಿಗೆ. ಅಂಗಡಿ ತೆರೆದ ಮೂರನೆಯ ದಿನ ಬಂದವರು ಸ್ಟೂಲನ್ನು ಒಂದು ಸುತ್ತು ಹಾಕಿ, ಗೇಣು ಹಾಕಿ ಅಳೆದು, "ಇದು ನೋಡುವುದಕ್ಕೋ, ಕೂರುವುದಕ್ಕೋ?" ಎಂದು ಕೇಳಿದರು. ನಿಂತೇ ಒಂದು ಗುಟುಕು ಕುಡಿದು, "ಹುಳಿಯಿದೆ. ಹಾಲು ಒಡೆದಿದೆಯೇ?" ಎಂದರು. ಬೀಜವನ್ನು ಕಡಿಮೆ ಹುರಿದರೆ ಹಣ್ಣಿನ ಹುಳಿ ಉಳಿಯುತ್ತದೆ, ಅದೇ ಅದರ ಗುಣ ಎಂದು ನಾನು ಹತ್ತು ನಿಮಿಷ ಪಾಠ ಮಾಡಿದೆ. ಜೀವನವಿಡೀ ಪಾಠ ಮಾಡಿದವರು ತಾಳ್ಮೆಯಿಂದ ಕೇಳಿ, ದುಡ್ಡು ಕೊಟ್ಟು ಹೋದರು. ತಿಂಗಳುಗಟ್ಟಲೆ ಇತ್ತ ಸುಳಿಯಲಿಲ್ಲ. ಅವರಷ್ಟೇ ಅಲ್ಲ, ಮಂಡಿನೋವಿನವರು, ಸೀರೆಯುಟ್ಟವರು, ಮಗುವನ್ನು ಎತ್ತಿಕೊಂಡವರು ಯಾರೂ ಆ ಸ್ಟೂಲು ಹತ್ತಲಿಲ್ಲ. ಚಿತ್ರ ತೆಗೆಯಲು ಬಂದ ಹುಡುಗರು ಮಾತ್ರ ಹತ್ತಿದರು.

ಕೊನೆಗೆ ಬಡಗಿಯನ್ನು ಕರೆಸಿದೆ. ಸಾಧಾರಣ ಕುರ್ಚಿಯ ಎತ್ತರ 45 ಸೆಂಟಿಮೀಟರ್. ಹನ್ನೆರಡು ಸ್ಟೂಲುಗಳ ಕಾಲಿನಿಂದ ಮೂವತ್ತು ಮೂವತ್ತು ಸೆಂಟಿಮೀಟರ್ ಹೋಯಿತು. ಗರಗಸದ ಸದ್ದು ಕೇಳಲಾಗದೆ ನಾನು ಹಿತ್ತಲಿಗೆ ಹೋದೆ. ವಾಪಸು ಬಂದಾಗ ಅವರು ನಲವತ್ತೆಂಟು ತುಂಡುಗಳನ್ನು ಸಾಲಾಗಿ ಜೋಡಿಸಿಕೊಂಡು ಯೋಚಿಸುತ್ತಿದ್ದರು. ಮರುದಿನ ಅವು ಜಗುಲಿಯ ಗೋಡೆಯಲ್ಲಿ ಕೊಡೆ ತೂಗುಹಾಕುವ ಗೂಟಗಳಾಗಿದ್ದವು, ತುದಿ ಸ್ವಲ್ಪ ಮೇಲೆ ಬಾಗಿದಂತೆ. ಕೆಳಗೆ ನೀರು ಹರಿದು ಅಂಗಳಕ್ಕೆ ಹೋಗಲು ಅಡಿಕೆ ಮರ ಸೀಳಿ ಮಾಡಿದ ದೋಣಿ. ಜೂನ್‌ನಿಂದ ನಾಲ್ಕು ತಿಂಗಳು ಮಳೆ ಹೊಡೆಯುವ ಊರಿನಲ್ಲಿ ಅಂಗಡಿ ಮಾಡಲು ಹೊರಟು, ಕೊಡೆಗೊಂದು ಜಾಗವನ್ನೇ ನನ್ನ ನಕ್ಷೆ ಮರೆತಿತ್ತು.

ಬಿಳಿ ಗೋಡೆಯ ಕಥೆ ಚಿಕ್ಕದು. ಬಳಿಸಿದ ಬಣ್ಣ ಚಿರೇಕಲ್ಲನ್ನು ಉಸಿರಾಡಲು ಬಿಡಲಿಲ್ಲ. ಮೊದಲ ಮಳೆಗಾಲದಲ್ಲೇ ಗುಳ್ಳೆಯೆದ್ದು ಉದುರಿತು. ಕುಮಟಾ ಕಡೆಯ ಗಾರೆಯವರೊಬ್ಬರು ಎಲ್ಲವನ್ನೂ ಕೆರೆದು ಸುಣ್ಣದ ಗಾರೆ ಮಾಡಿಕೊಟ್ಟರು. ಅವರಿಗೆ ಕಾವಿ ಕಲೆಯೂ ಗೊತ್ತಿತ್ತು: ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಅದು ಹಸಿಯಿರುವಾಗಲೇ ಮೊನೆಯಿಂದ ಕೆರೆದರೆ ಅಡಿಯ ಬಿಳಿ ಗೆರೆಯಾಗಿ ಮೇಲೇಳುತ್ತದೆ. ಮಾರಿಕಾಂಬಾ ಗುಡಿಯ ಗೋಡೆಗಳಲ್ಲಿ ನೋಡುತ್ತ ಬೆಳೆದದ್ದು ಅದನ್ನೇ. ಇಡೀ ಗೋಡೆಗೆ ಬೇಕೆಂದು ನಾನು ಆಸೆಪಟ್ಟೆ. "ಗುಡಿಯದು ಗುಡಿಯಲ್ಲಿರಲಿ, ನಿಮಗೊಂದು ಅಂಚು ಸಾಕು" ಎಂದು ಎರಡು ಗೇಣಿನ ಬಳ್ಳಿ ಬಿಡಿಸಿ ನಿಲ್ಲಿಸಿದರು. ನೋಡಿದರೆ ಅಷ್ಟೇ ಸರಿಯಾಗಿತ್ತು.

ಕಷ್ಟ ಬಂದದ್ದು ಎರಡನೆಯ ವರ್ಷದ ಜುಲೈಯಲ್ಲಿ. ವಿದ್ಯುತ್ ಹೋಗಿ ಬಂದು, ಬಂದು ಹೋಗಿ, ಒಂದು ಸಂಜೆ ಎಸ್ಪ್ರೆಸೊ ಯಂತ್ರದ ಬೋರ್ಡು ಸುಟ್ಟಿತು. ಬಿಡಿಭಾಗಕ್ಕೆ ಮೂರು ವಾರ ಕಾಯಬೇಕೆಂದು ತಿಳಿಯಿತು. ಆ ವರ್ಷ ತೋಟಗಳಲ್ಲಿ ಕೊಳೆರೋಗ ಬೇರೆ; ಮಳೆ ಬಿಡದೆ, ಅದನ್ನು ತಡೆಯುವ ಮದ್ದಾದ ಬೋರ್ಡೋ ದ್ರಾವಣ ಹೊಡೆಯಲೂ ಆಗುತ್ತಿರಲಿಲ್ಲ. ಅಡಿಕೆ ಉದುರಿದರೆ ಈ ಊರಿನಲ್ಲಿ ಬಟ್ಟೆ ಅಂಗಡಿಯಿಂದ ಕಾಫಿ ಅಂಗಡಿಯವರೆಗೆ ಎಲ್ಲರ ಗಲ್ಲಾ ಪೆಟ್ಟಿಗೆಗೂ ಕೊಳೆ ತಗಲುತ್ತದೆ. ಬಾಗಿಲು ಹಾಕುವುದೆಂದು ನಿಶ್ಚಯಿಸಿ ಚೀಟಿ ಬರೆದಿಟ್ಟಿದ್ದೆ.

ಚೀಟಿ ಅಂಟಿಸುವ ಮೊದಲೇ ಪಕ್ಕದ ಮನೆಯ ಅತ್ತೆ ತಪ್ಪಲೆ, ಸೋಸುವ ಬಟ್ಟೆ ಹಿಡಿದು ಬಂದರು. "ಕರೆಂಟು ಬರುವ ಮೊದಲು ನಾವು ಕಾಫಿ ಕುಡಿಯುತ್ತಿರಲಿಲ್ಲವೇ?" ಕುದಿಯುವ ನೀರಿಗೆ ಜೋನಿ ಬೆಲ್ಲ, ಮೇಲೆ ಪುಡಿ, ಇಳಿಸಿ ಮುಚ್ಚಿಟ್ಟು, ಪುಡಿ ತಳಕ್ಕೆ ಕೂತ ಮೇಲೆ ಸೋಸಿ, ಕೊನೆಗೆ ಹಾಲು. ಬೆಲ್ಲದೊಡನೆ ಹಾಲು ಕುದಿಸಿದರೆ ಒಡೆದೀತೆಂದು ನನ್ನ ಕೈಯಿಂದ ಸೌಟು ಕಿತ್ತುಕೊಂಡರು. ಇಪ್ಪತ್ತಮೂರು ದಿನ ಅದನ್ನೇ ಮಾರಿದೆವು, ಸ್ಟೀಲ್ ಲೋಟದಲ್ಲಿ. ಮಾಸ್ತರರು ತಿರುಗಿ ಬಂದದ್ದು ಆಗಲೇ. ಗಿಡ್ಡ ಸ್ಟೂಲಿನಲ್ಲಿ ಕೂತು ಲೋಟ ಖಾಲಿ ಮಾಡಿ, "ಈಗ ಒಡೆದಿಲ್ಲ" ಎಂದಷ್ಟೇ ಹೇಳಿದರು. ಬಾಡಿಗೆ ತಡವಾಗುತ್ತದೆಂದು ಹೇಳಲು ಹೋದಾಗ ಆಯಿ ಪಾತ್ರೆ ತಿಕ್ಕುತ್ತಲೇ, "ನಮ್ಮದೆಲ್ಲ ಅಡಿಕೆ ಲೆಕ್ಕ. ಮಾರಿದ ಮೇಲೆ ಕೊಡುವುದೇ ರೂಢಿ" ಎಂದರು. ನನ್ನ ಬಳಿ ಮಾರಲು ಅಡಿಕೆಯಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ನಮ್ಮಲ್ಲಿ ಕೆಲಸ ಮಾಡುವ ಇಬ್ಬರು ಹುಡುಗಿಯರ ಬಗ್ಗೆ ಬರೆದರೆ ಅವರೇ ಬೈಯುತ್ತಾರೆ. ಆದರೂ ಒಂದು ಮಾತು. ಹದಿನೆಂಟು ಗ್ರಾಂ ಪುಡಿಗೆ ಮೂವತ್ತಾರು ಗ್ರಾಂ ಕಾಫಿ ಇಳಿಯಬೇಕು, ಇಪ್ಪತ್ತೈದರಿಂದ ಮೂವತ್ತು ಸೆಕೆಂಡಿನೊಳಗೆ. ಮಳೆಗಾಲದ ತೇವಕ್ಕೆ ಈ ಲೆಕ್ಕ ದಿನವೂ ತಪ್ಪುತ್ತದೆ, ಬೀಸುವ ಯಂತ್ರವನ್ನು ಬೆಳಗ್ಗೆ ಹೊಸದಾಗಿ ಹೊಂದಿಸಬೇಕು. ನಾನು ತಕ್ಕಡಿ, ಗಡಿಯಾರ ನೋಡಿ ಮಾಡುವುದನ್ನು ಅವರಲ್ಲಿ ದೊಡ್ಡವಳು ಬೀಸುವ ಸದ್ದು ಕೇಳಿಯೇ ಮಾಡುತ್ತಾಳೆ. ಈ ತಿಂಗಳಿನಿಂದ ಅವರಿಬ್ಬರೂ ಅಂಗಡಿಯಲ್ಲಿ ಪಾಲುದಾರರು.

ಹುರಿಯುವುದನ್ನು ಈಗ ಸ್ವಲ್ಪ ಗಾಢ ಮಾಡಿದ್ದೇವೆ. ಬೆಲ್ಲದ ಕಾಫಿ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿದೆ. ಅತ್ತೆ ವಾರಕ್ಕೊಮ್ಮೆ ರುಚಿ ನೋಡಿ ಕೊರತೆ ಹೇಳಿ ಹೋಗುತ್ತಾರೆ.

ಬರುವ ಶನಿವಾರ ಬೆಳಗ್ಗೆ ಏಳರಿಂದ ಹತ್ತರವರೆಗೆ ಜಗುಲಿಯಲ್ಲಿ ಯಾರಿಗೂ ಬಿಲ್ ಇಲ್ಲ. ಬರುವಾಗ ಗೂಟದ ಕಡೆ ಒಮ್ಮೆ ನೋಡಿ. ಕಳೆದ ಮಳೆಗಾಲದ ಏಳು ಕೊಡೆಗಳು ಇನ್ನೂ ಅಲ್ಲೇ ತೂಗುತ್ತಿವೆ. ಒಂದರ ಹಿಡಿಕೆಗೆ ಹಸಿರು ದಾರ ಸುತ್ತಿದೆ, ಇನ್ನೊಂದು ಮಕ್ಕಳದು, ಒಂದು ಕಡ್ಡಿ ಮುರಿದಿತ್ತು. ಬಡಗಿ ಅದನ್ನೂ ಸರಿಮಾಡಿ ಇಟ್ಟಿದ್ದಾರೆ.