ಉಷ್ಣಾಂಶದ ಜೊತೆ ಯುವಿ ಸೂಚ್ಯಂಕವನ್ನೂ ಪ್ರಕಟಿಸಿ

ಮಾನ್ಯ ಸಂಪಾದಕರೇ,

ಹವಾಮಾನ ಅಂಕಣದಲ್ಲಿ ಗರಿಷ್ಠ, ಕನಿಷ್ಠ ಉಷ್ಣಾಂಶದ ಪಕ್ಕದಲ್ಲಿ ಆ ದಿನದ ಯುವಿ ಸೂಚ್ಯಂಕವನ್ನೂ (ಬಿಸಿಲಿನ ಅತಿನೇರಳೆ ಕಿರಣಗಳು ಎಷ್ಟು ಜೋರಾಗಿವೆ ಎಂಬ ಅಳತೆ) ಮುದ್ರಿಸಬೇಕೆಂದು ಕೋರಿ ಈ ಪತ್ರ.

ಬಿಸಿಲಿಗೆ ಚರ್ಮ ಸುಡುವುದು ಸೆಕೆಯಿಂದಲ್ಲ, ಅತಿನೇರಳೆ ಕಿರಣಗಳಿಂದ. ಬೆಂಗಳೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ವರ್ಷಕ್ಕೆರಡು ಸಲ: ಏಪ್ರಿಲ್ ಕೊನೆಗೆ, ಮತ್ತೆ ಆಗಸ್ಟ್ ಮೂರನೇ ವಾರದಲ್ಲಿ. ಏಪ್ರಿಲ್‌ನಲ್ಲಿ ಕೊಡೆ ಹಿಡಿಯುವವರೇ ಆಗಸ್ಟ್‌ನಲ್ಲಿ ತಣ್ಣಗಿದೆ ಎಂದು ಬರಿತಲೆಯಲ್ಲಿ ಓಡಾಡುತ್ತಾರೆ. ಮೋಡ ಸರಿದರೆ ಆಗಲೂ ನಡುಮಧ್ಯಾಹ್ನ ಸೂಚ್ಯಂಕ 10 ದಾಟಬಲ್ಲದು. 8ರಿಂದ 10 ‘ಅತಿ ಹೆಚ್ಚು’, 11 ಮತ್ತು ಮೇಲ್ಪಟ್ಟರೆ ‘ವಿಪರೀತ’ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ನಮ್ಮ ಮೈಬಣ್ಣಕ್ಕೆ ಬಿಸಿಲು ಏನೂ ಮಾಡದು ಎಂಬ ನಂಬಿಕೆ ತಪ್ಪು. ಅಮೆರಿಕದ ಚರ್ಮತಜ್ಞ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ ಬಿಸಿಲಿಗೆ ಎಷ್ಟು ಸುಡುತ್ತದೆ, ಎಷ್ಟು ಕಪ್ಪಾಗುತ್ತದೆ ಎಂಬುದರ ಮೇಲೆ 1975ರಲ್ಲಿ ರೂಪಿಸಿದ ಚರ್ಮದ ವಿಂಗಡಣೆ ಮೊದಲು ಬಿಳಿ ಚರ್ಮಕ್ಕಷ್ಟೇ ಇತ್ತು. ಕಂದು, ಕಪ್ಪು ಚರ್ಮದ ಐದು ಮತ್ತು ಆರನೇ ವರ್ಗ ಆಮೇಲೆ ಸೇರಿದವು. ನಮ್ಮಲ್ಲಿ ಹೆಚ್ಚಿನವರು ನಾಲ್ಕು, ಐದನೇ ವರ್ಗದವರು. ಸೂಚ್ಯಂಕ 12 ಇರುವಾಗ ಎರಡನೇ ವರ್ಗದ ಬಿಳಿ ಚರ್ಮ ಸುಡಲು ಹೆಚ್ಚುಕಡಿಮೆ ಕಾಲು ಗಂಟೆ ಸಾಕು, ಐದನೇ ವರ್ಗಕ್ಕೆ ಅರ್ಧ ಗಂಟೆ. ಸೂಚ್ಯಂಕ 6 ಇದ್ದರೆ ಈ ಅವಧಿ ದುಪ್ಪಟ್ಟಾಗುತ್ತದೆ. ಇವು ಅಂದಾಜು, ಒಬ್ಬೊಬ್ಬರ ಚರ್ಮ ಒಂದೊಂದು ರೀತಿ.

ಕಂದು ಚರ್ಮದಲ್ಲಿ ಕೆಂಪು ಎದ್ದು ಕಾಣದಿರುವುದೇ ತೊಂದರೆ. ಬಿಸಿಲಿಂದ ಬಂದು ಮೂರ್ನಾಲ್ಕು ಗಂಟೆ ಕಳೆದ ಮೇಲೆ ಉರಿ, ಬಿಗಿತ ಶುರುವಾಗುತ್ತದೆ, ಮುಟ್ಟಿದರೆ ಬಿಸಿ ತಾಗುತ್ತದೆ. ಮರುದಿನ ಇನ್ನೂ ಜೋರು. ಆಮೇಲೆ ಸಿಪ್ಪೆ ಏಳುತ್ತದೆ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ತಣ್ಣೀರಿನ ಬಟ್ಟೆ ಹಾಕಿ. ಐಸ್, ಟೂತ್‌ಪೇಸ್ಟ್ ಬೇಡ. ನಿಂಬೆರಸವಂತೂ ಬೇಡವೇ ಬೇಡ, ಅದು ಮೆತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆಯೇ ಏಳಬಹುದು. ಬೊಬ್ಬೆ ಬಂದರೆ ಒಡೆಯದೆ ವೈದ್ಯರಿಗೆ ತೋರಿಸಿ.

ತೊನ್ನಿನ ಕಲೆಗಳಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಇಲ್ಲದ್ದರಿಂದ ಅಷ್ಟು ಜಾಗ ಬೇಗ ಸುಡುತ್ತದೆ, ಸುತ್ತಲಿನ ಮೈಬಣ್ಣ ಯಾವುದೇ ಇರಲಿ. ಇಲಿ ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯಿಂದಲೂ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಅದನ್ನು ತೆಗೆದುಕೊಳ್ಳುವ ಕೃಷಿಕರೂ ಆ ದಿನಗಳಲ್ಲಿ ಮೈಮುಚ್ಚುವ ಬಟ್ಟೆ ಹಾಕಿಕೊಳ್ಳಬೇಕು.

ಸನ್‌ಸ್ಕ್ರೀನ್ ಹಚ್ಚಿಯೂ ಕಪ್ಪಾದೆವು ಎನ್ನುವವರು ಬಹುತೇಕ ಹಚ್ಚಿರುವುದು ಕಡಿಮೆ. ಎಸ್‌ಪಿಎಫ್ (ಸನ್‌ಸ್ಕ್ರೀನ್ ಚರ್ಮವನ್ನು ಸುಡದಂತೆ ಎಷ್ಟು ಕಾಯುತ್ತದೆ ಎಂಬ ಅಂಕಿ) ಅಳೆಯುವಾಗ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಮುಖ, ಕುತ್ತಿಗೆಗೆ ಅಂದರೆ ತೋರುಬೆರಳು, ನಡುಬೆರಳುಗಳ ಪೂರ್ತಿ ಉದ್ದಕ್ಕೆ ಒಂದೊಂದು ಎಳೆ. ಬೆವರಿದರೆ, ಇಲ್ಲವೇ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ಕೆಡುಕು. ಅವರಿಗೆ ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಒಳ್ಳೆಯದು. ದಿನವಿಡೀ ಹೊರಗೆ ದುಡಿಯುವವರಿಗೆ ದುಬಾರಿ ಟ್ಯೂಬಿಗಿಂತ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿಯೇ ವಾಸಿ. ನಿಮ್ಮ ನೆರಳು ನಿಮಗಿಂತ ಗಿಡ್ಡವಿದ್ದರೆ ಕಿರಣ ಜೋರಾಗಿದೆ ಎಂದರ್ಥ.

ಬೆಳಿಗ್ಗೆ 9ರಿಂದ ಸಂಜೆ 4ರವರೆಗಿನ ಗಂಟೆವಾರು ಅಂಕಿಯನ್ನು ಪತ್ರಿಕೆ ಕೊಟ್ಟರೆ, ಶಾಲೆಗಳು ಆಟದ ಪೀರಿಯಡ್ಡನ್ನೂ ಮೇಸ್ತ್ರಿಗಳು ಕೆಲಸದ ವೇಳೆಯನ್ನೂ ಅದಕ್ಕೆ ಹೊಂದಿಸಿಕೊಳ್ಳಬಹುದು.

– ಚರ್ಮರೋಗ ತಜ್ಞೆ, ಹಾಸನ