ಇಲ್ಲಿಯವರು ಬ್ಯಾಂಕಾಕ್ ಅನ್ನುವುದೇ ಇಲ್ಲ

ಪ್ರೀತಿಯ ಅಪ್ಪನಿಗೆ ನಮಸ್ಕಾರ.

ನಾನು ಆರಾಮ ಇದ್ದೇನೆ. "ಬ್ಯಾಂಕಾಕ್ ಅಂದ್ರ ಏನರ್ಥನೋ?" ಅಂತ ಫೋನಿನಲ್ಲಿ ಕೇಳಿದ್ದಿರಿ. ಅವಸರದಲ್ಲಿ ಹೇಳಿ ಮುಗಿಸೋ ಮಾತಲ್ಲ ಅದು, ಅದಕ್ಕೇ ಪತ್ರ.

ಇಲ್ಲಿಯ ಜನ ತಮ್ಮ ಊರನ್ನು ಕ್ರುಂಗ್ ಥೇಪ್ ಅಂತಾರೆ. ಕ್ರುಂಗ್ ಅಂದರೆ ರಾಜಧಾನಿ, ಥೇಪ್ ಅಂದರೆ ನಮ್ಮ 'ದೇವ'. ಟ್ಯಾಕ್ಸಿಯ ನಂಬರ್ ಪ್ಲೇಟ್ ನೋಡಿದರೆ ಮೇಲೆ ದಪ್ಪಗೆ ನಂಬರು, ಕೆಳಗೆ ಸಣ್ಣ ಅಕ್ಷರದಲ್ಲಿ 'ಕ್ರುಂಗ್ ಥೇಪ್ ಮಹಾ ನಖೋನ್'. ಮಹಾನಗರ! ಕವಿರಾಜಮಾರ್ಗದಲ್ಲಿ ನಮ್ಮ ಕೊಪ್ಪಳವನ್ನು ಮಹಾಕೊಪಣ ನಗರ ಅಂದಿದ್ದಾರೆ ಅಂತ ನೀವೇ ಹೇಳಿಕೊಟ್ಟಿದ್ದಿರಿ, ಅಲ್ವಾ? ಅದೇ ಮಾತನ್ನು ದಿನಾ ಟ್ಯಾಕ್ಸಿ ಹಿಂದೆ ಓದೋದು ನನಗೆ ಬಹಳ ಖುಷಿ.

ಇಷ್ಟಕ್ಕೇ ಮುಗಿಯಲಿಲ್ಲ. ಪೂರ್ತಿ ಹೆಸರು ಇನ್ನೂ ಉದ್ದ ಇದೆ. ಥಾಯ್ ಲಿಪಿಯಲ್ಲಿ ಬರೆದರೆ 168 ಅಕ್ಷರ. 1782ರಲ್ಲಿ ಮೊದಲನೇ ರಾಮ ಎಂಬ ದೊರೆ ಇಲ್ಲಿ ರಾಜಧಾನಿ ಕಟ್ಟಿದಾಗ ಬಂದ ಹೆಸರು ಅದು. ಆಮೇಲೆ ನಾಲ್ಕನೇ ರಾಮ ಸ್ವಲ್ಪ ತಿದ್ದಿದ. ಸಹೋದ್ಯೋಗಿಯೊಬ್ಬಳು ನಿಧಾನಕ್ಕೆ ಬಿಡಿಸಿ ಹೇಳಿದಳು. 'ಅಯುತ್ಥಯಾ' ಅಯೋಧ್ಯೆ, 'ನೊಪ್ಪರತ್' ನವರತ್ನ, 'ರಾಚಥಾನಿ' ರಾಜಧಾನಿ. ಕೊನೆಯಲ್ಲಿ ಇಂದ್ರ ಕೊಟ್ಟ, ವಿಶ್ವಕರ್ಮ ಕಟ್ಟಿದ ಊರು ಅಂತ ಬರುತ್ತದೆ. ಅವಳು ಒಂದೊಂದು ಪದ ಹೇಳಿದ ಹಾಗೆ ನಾನು ಕನ್ನಡದ್ದು ಹೇಳುತ್ತಾ ಹೋದೆ. ಇಬ್ಬರಿಗೂ ಊಟದ ನೆನಪೇ ಇರಲಿಲ್ಲ. ನಮ್ಮ ಆನೆಗೊಂದಿ ಕಡೆಯೇ ಕಿಷ್ಕಿಂಧೆ ಅಂತ ಹೇಳಿದೆ. ಅವರ ರಾಮಾಯಣದಲ್ಲೂ ಆ ಊರಿದೆ, 'ಖೀತ್‌ಖಿನ್' ಅಂತಾರೆ.

ಬ್ಯಾಂಕಾಕ್ ಅನ್ನೋದು ರಾಜಧಾನಿ ಆಗುವ ಮೊದಲು ನದಿ ದಂಡೆಯಲ್ಲಿದ್ದ ಊರಿನ ಹೆಸರು. 'ಬಾಂಗ್' ಅಂದರೆ ನೀರಿನ ದಂಡೆಯ ಹಳ್ಳಿ. 'ಕೋಕ್' ಬಂದದ್ದು 'ಮಕೋಕ್'ನಿಂದ ಅಂತಾರೆ. ಅದು ಮಂಗಳೂರು ಕಡೆ ಉಪ್ಪಿನಕಾಯಿ ಹಾಕೋ ಅಮಟೆಕಾಯಿಯಂಥ ಒಂದು ಕಾಯಿ. ಇಲ್ಲಿಯ ವಾಟ್ ಅರುಣ್ ದೇವಾಲಯಕ್ಕೂ ಹಿಂದೆ ವಾಟ್ ಮಕೋಕ್ ಅಂತಲೇ ಹೆಸರಿತ್ತು. ವ್ಯಾಪಾರಕ್ಕೆ ಬಂದ ವಿದೇಶಿಯರ ಬಾಯಲ್ಲಿ ಹಳೇ ಹೆಸರೇ ಉಳಿಯಿತು. 2022ರಲ್ಲಿ ಇಂಗ್ಲಿಷಿನಲ್ಲೂ ಕ್ರುಂಗ್ ಥೇಪ್ ಮಹಾ ನಖೋನ್ ಅಂತ ಬರೆಯಬೇಕು ಎಂದು ಇಲ್ಲಿನ ಸರ್ಕಾರ ಹೇಳಿತು, ಆದರೆ ಬ್ಯಾಂಕಾಕ್ ಅಂದರೂ ನಡೆಯುತ್ತದೆ.

ನಾನಂತೂ ಈಗ ಕ್ರುಂಗ್ ಥೇಪ್ ಅಂತಲೇ ಅನ್ನುತ್ತೇನೆ. ಅವರ ಊರು, ಅವರು ಕರೆದ ಹಾಗೇ ಕರೆಯಬೇಕು. ಕೊಪ್ಪಳವನ್ನು ಯಾರಾದರೂ 'ಕೊಪ್ಪಲ್' ಅಂದರೆ ನಿಮಗೆ ಎಷ್ಟು ಬೇಜಾರಾಗುತ್ತದೆ ಅಂತ ಗೊತ್ತಲ್ಲ. ಓಣಿಯಲ್ಲಿ ಯಾರಾದರೂ ಕೇಳಿದರೆ ನೀವೂ ಹಾಗೇ ಹೇಳಿ. ಅವ್ವ ಶೇಂಗಾ ಚಟ್ನಿ ಪುಡಿ ಕಳಿಸುವುದಾದರೆ ಪಾರ್ಸೆಲ್ ಮೇಲೆ ಮಾತ್ರ ಬ್ಯಾಂಕಾಕ್ ಅಂತ ಬರೆಯಿರಿ, ಬೇಗ ತಲುಪುತ್ತದೆ.

ನಿಮ್ಮ ಮಗ